ಒಂದು ಬೆರಳು ಜಾಗ

ವಿಲ್ಸನ್ ಗಾರ್ಡನ್ನಿನ ಟಿಂಬರ್ ಮಿಲ್ಲಿನ ಗೋಡೆಗೆ ಒರಗಿ
ಮುನಾವರನ ಶೆಡ್ಡು. ಒಳಗೆ ನನ್ನ ಹಳದಿ ಪಾಲಿಯೋ,
ಎರಡು ಸಾವಿರದ ಮೂರರದು.
ಬಾನೆಟ್ಟಿಲ್ಲ, ಬಂಪರಿಲ್ಲ, ಬಾಯಿ ತೆರೆದು ಕೂತಿದೆ
ನಮ್ಮ ಡಾಕ್ಟರ ಕುರ್ಚಿಯಲ್ಲಿ ಕೂತವರ ಹಾಗೆ.

ನಾನು ಹಲ್ಲಿಗೆ ಕ್ಯಾಪು ಮಾಡುವವಳು.
ಜಯನಗರದಲ್ಲಿ ಮಹಡಿ ಮೇಲಿನ ಲ್ಯಾಬು,
ಮೇಣ, ಪ್ಲಾಸ್ಟರು, ಸಣ್ಣದೊಂದು ಕುಲುಮೆ.
ಕಂಡವರ ದವಡೆಗಳ ಮಧ್ಯೆ ಹದಿನಾರು ವರ್ಷ.
ಕೂದಲೆಳೆಯಷ್ಟು ಎತ್ತರವಾದರೂ
ಕಚ್ಚಿದವರಿಗೆ ಗೊತ್ತಾಗುತ್ತದೆ.

"ಕೋಳಿಗಿಂತ ಮಸಾಲೆ ಜಾಸ್ತಿ ಆಯ್ತಲ್ಲೇ" ಅಂದಳು ಅಕ್ಕ, ಬಿಲ್ಲು ನೋಡಿ.
ಹೌದು. ಗಾಡಿ ಎಂಬತ್ತು ಸಾವಿರ,
ಒಳಗೆ ಕೂರುವುದು ಎರಡು ಲಕ್ಷದ ಹತ್ತಿರ:
ಲಿನಿಯಾದ ಟರ್ಬೋ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು,
ಕುರಿಯ ಕರುಳಿನ ಹಾಗೆ ತಗಡಿನ ಡಬ್ಬಿಯಲ್ಲಿ ಸುತ್ತಿಟ್ಟ ವೈರಿಂಗು.
ನೆಲಮಂಗಲದ ಬಳಿ ಲಾರಿ ಪಕ್ಕದಿಂದ ಹೊಡೆದ ಗಾಡಿಯದು,
ಮುಂಭಾಗಕ್ಕೆ ಒಂದು ಗೀರೂ ಇಲ್ಲ.

ಹೃದಯ ಬದಲಾಯಿಸಿದ ಹಾಗಲ್ವಾ ಅಂದರು ಯಾರೋ.
ಅಲ್ಲ. ಹೃದಯಕ್ಕೆ ಮೌಂಟಿಂಗು ಬೇಡ.
ಅದನ್ನು ಚೈನಿನಲ್ಲಿ ತೂಗಬಿಟ್ಟು
"ಬಿಡು, ಬಿಡು, ನಿಲ್ಸು ನಿಲ್ಸು!" ಎಂದು ಕೂಗುವವರಿಲ್ಲ.

ಮೊದಲ ಸಲ ಇಳಿಸಿದಾಗ ರೇಡಿಯೇಟರಿಗೆ ತಾಗಿತು.
ಎರಡನೇ ಸಲ ಅಡ್ಡಪಟ್ಟಿಗೆ.
ಬೆರಳು ಕೊಟ್ಟರೆ ಹಸ್ತ ನುಂಗಿತು ಅನ್ನುತ್ತಾರಲ್ಲ,
ಇದಕ್ಕೆ ಬೇಕಾದದ್ದು ಬೆರಳೇ:
ಟರ್ಬೋದ ಬಸವನಹುಳಕ್ಕೂ ಫ್ಯಾನಿಗೂ ನಡುವೆ ಒಂದು ಬೆರಳು ಜಾಗ.
ಯಾರ ಬೆರಳು? ಮುನಾವರನದು ಕುಂಬಳಕಾಯಿ ತೊಟ್ಟಿನಷ್ಟು ದಪ್ಪ,
ಹೋಗಲಿಲ್ಲ. ನನ್ನದು ನುಸುಳಿತು.
ಮಾರನೇ ದಿನ ಲ್ಯಾಬಿನಿಂದ ಅಚ್ಚು ತೆಗೆಯುವ ನೀಲಿ ಹಿಟ್ಟು ತಂದು
ಸಂದಿಗೆ ಒತ್ತಿದೆ. ಐದು ನಿಮಿಷ. ಬಿಡಿಸಿ
ಕ್ಯಾಲಿಪರಿನಲ್ಲಿ ಹಿಡಿದೆ: ಒಂಬತ್ತು ಮಿಲಿಮೀಟರ್.
ಅವನು ಆ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ
"ಮೇಡಂ, ಖಾಲಿ ಜಾಗಾನೇ ಕಿತ್ಕೊಂಡು ಬಂದ್ರಲ್ಲ" ಅಂದ.
ಈಗಲೂ ಅದು ಅವನ ಟೇಬಲ್ಲಿನ ಮೇಲಿದೆ, ಬಿಲ್ಲುಗಳು ಹಾರದ ಹಾಗೆ.

ಲಿನಿಯಾದ ಆಕ್ಸಲ್ಲು ಉದ್ದ, ನನ್ನದು ಗಿಡ್ಡ.
ಕತ್ತರಿಸಿ, ಕೊಳವೆ ತೊಡಿಸಿ ಬೆಸೆದವನು
ಜೆ.ಸಿ. ರಸ್ತೆಯ ಲೇತಿನ ಲೂರ್ದುಸ್ವಾಮಿ.
"ಅದು ಮುರಿದ್ರೆ ನಾನೂ ಮುರೀತೀನಿ"
ಅಷ್ಟೇ ಗ್ಯಾರಂಟಿ, ರಸೀದಿ ಇಲ್ಲ.

ಎಲ್ಲ ಕೂತಿತು. ತಿರುಗಿಸಿದರೆ
ಡ್ಯಾಶಿನಲ್ಲಿ ಬೀಗದ ಗುರುತೊಂದು ಮಿಟುಕುತ್ತದೆ.
ಸ್ಟಾರ್ಟರು ಗೋಗರೆಯುತ್ತದೆ, ಎಂಜಿನ್ನು ಕೇಳುವುದಿಲ್ಲ.
ಅದಕ್ಕೆ ಅದರ ಹಳೆಯ ಕೀಲಿಯೇ ಬೇಕು.
ಕಬ್ಬಿಣಕ್ಕೂ ಋಣ.

ಇನ್ಶೂರೆನ್ಸ್ ಹಾಳೆಯ ವಿಳಾಸ ಹಿಡಿದು ನಾಗರಭಾವಿಗೆ ಹೋದೆ.
ಪುಟ್ಟಮಾದಯ್ಯನವರು ಬಾಗಿಲಿಗೆ ಬರಲು ಹೊತ್ತಾಯಿತು,
ಬಲ ತೊಡೆಯಲ್ಲಿ ರಾಡು.
ವಿಷಯ ಕೇಳಿ, ಏನೂ ಅನ್ನದೆ
ಶೇವಿಂಗ್ ಡಬ್ಬಿಯೊಳಗಿಂದ ಕೀ ತಂದರು.
ಗೊಂಚಲಿನ ಹಿತ್ತಾಳೆ ಗಣಪನನ್ನು ಬಿಡಿಸಿಟ್ಟುಕೊಂಡರು.
ದುಡ್ಡು ಬೇಡ ಅಂದರು.
"ಎರಡು ಸಾವಿರದ ತನಕ ಸುಮ್ಮನಿರುತ್ತೆ, ಕೆಟ್ಟಿದೆ ಅಂದ್ಕೋಬೇಡಿ.
ಆಮೇಲೆ, ಯಾರೋ ಬೆನ್ನಿಗೆ ಅಂಗೈ ಇಟ್ಟ ಹಾಗೆ."

ಆರ್‌ಟಿಓ ಕಾಗದ ಕೈಸೇರಲು ಮತ್ತೆ ನಾಲ್ಕು ತಿಂಗಳು; ಅದು ಬೇರೆಯೇ ಪುರಾಣ.

ಭಾನುವಾರ ಬೆಳಗ್ಗೆ ಐದೂಕಾಲು, ನೈಸ್ ರಸ್ತೆ.
ಟೋಲಿನವನು ಹಳದಿ ಡಬ್ಬಿ ನೋಡಿ ಆಕಳಿಸಿದ.
ಎರಡನೇ ಗೇರು. ಸುಮ್ಮನೆ. ಸುಮ್ಮನೆ. ಸುಮ್ಮ
ಅಂಗೈ.

ಪಕ್ಕದಲ್ಲಿ ಮುನಾವರ್ ಬಾಗಿಲ ಹಿಡಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ,
ಇನ್ನೊಂದು ಕೈಯಲ್ಲಿ ನನ್ನ ಫೋನು, ಲೈನಿನಲ್ಲಿ ನಾಗರಭಾವಿ.
ಬದಿಗೆ ನಿಲ್ಲಿಸಿ ಕಿವಿಗಿಟ್ಟುಕೊಂಡೆ.
ಆ ಕಡೆ ಕುಕ್ಕರಿನ ಒಂದು ಸೀಟಿ, ಕೆಮ್ಮು.
ಆಮೇಲೆ:
"ಮೂರನೇ ಗೇರಿಗೆ ಬೇಗ ಬಂದುಬಿಟ್ಟಿರಿ.
ಇನ್ನೂ ಇತ್ತು ಅದರಲ್ಲಿ."